ಬೈಟ್‌ಕೋಡ್ ಇಂಟರ್‌ಪ್ರಿಟರ್‌ನಲ್ಲಿ ಫಂಕ್ಷನ್ ಕಾಲ್ ನಿಧಾನ, ಎಲ್ಲಿಂದ ಸರಿಪಡಿಸಲಿ?

ಪ್ರಶ್ನೆ:
ಸಿ ಭಾಷೆಯಲ್ಲಿ ಬೈಟ್‌ಕೋಡ್ (ಕಂಪೈಲರ್ ಕೊಡುವ ಚಿಕ್ಕ ಸೂಚನೆಗಳು) ಓಡಿಸುವ ಸ್ಟ್ಯಾಕ್ ಆಧಾರಿತ ಇಂಟರ್‌ಪ್ರಿಟರ್ ಬರೆದಿದ್ದೇನೆ. ಲೂಪ್, ಲೆಕ್ಕ ಎಲ್ಲ ಚುರುಕು. ಫಿಬ್(30) (ತನ್ನನ್ನೇ ಮತ್ತೆ ಮತ್ತೆ ಕರೆದು ಫಿಬೊನಾಚಿ ಸಂಖ್ಯೆ ಕಂಡುಹಿಡಿಯುವ ಫಂಕ್ಷನ್) ಕೊಟ್ಟರೆ ಮಾತ್ರ ಎಳೆದಾಡುತ್ತೆ. ಪ್ರತಿ ಕಾಲ್‌ಗೂ ಫ್ರೇಮಿಗೆ (ಆ ಕಾಲ್‌ನ ವಿವರ ಇಡುವ ಜಾಗ) ಒಂದು ಮ್ಯಾಲಕ್ (ಮೆಮೊರಿ ಕೇಳಿ ಪಡೆಯುವುದು), ಆರ್ಗ್ಯುಮೆಂಟ್ ಕಾಪಿಗೆ ಇನ್ನೊಂದು, ಆಮೇಲೆ ಬೈಟ್‌ಕೋಡ್ ಓಡಿಸುವ ಲೂಪ್ ಇರುವ ರನ್() ಅನ್ನೇ ಮತ್ತೆ ಕರೆಯುವುದು. ಆಪ್ಟಿಮೈಸೇಷನ್ ಹಾಕಿಯೇ ಕಂಪೈಲ್ ಮಾಡಿದ್ದು. ಜೆಐಟಿ (ಓಡುವಾಗಲೇ ಯಂತ್ರಭಾಷೆಗೆ ಬದಲಿಸುವುದು) ಬೇಡ.

ಉತ್ತರ 1:
ಮೂರೂ ದುಬಾರಿ. ಎನ್ 2ಕ್ಕಿಂತ ಕಡಿಮೆಯಿದ್ದಾಗ ನಿಲ್ಲುವ ಫಿಬ್(30)ರಲ್ಲಿ 26,92,537 ಕಾಲ್ ಆಗುತ್ತವೆ. ಅಂದರೆ 53 ಲಕ್ಷಕ್ಕೂ ಹೆಚ್ಚು ಮ್ಯಾಲಕ್, ಅಷ್ಟೇ ಫ್ರೀ.

ಆರ್ಗ್ಯುಮೆಂಟ್ ಕಾಪಿ ಮಾಡಲೇಬೇಡಿ. ಅವು ಆಗಲೇ ವ್ಯಾಲ್ಯೂ ಸ್ಟ್ಯಾಕ್ ಮೇಲಿವೆಯಲ್ಲ, ಹೊಸ ಫಂಕ್ಷನ್‌ನ ಬೇಸ್ ಅನ್ನು ಮೊದಲ ಆರ್ಗ್ಯುಮೆಂಟ್‌ಗೇ ಹೊಂದಿಸಿ. ಅಲ್ಲಿಂದಲೇ ಲೋಕಲ್ ಸ್ಲಾಟ್ 0, 1, 2. ಫ್ರೇಮಿನಲ್ಲಿ ಉಳಿಯೋದು ಫಂಕ್ಷನ್, ವಾಪಸ್ ಹೋಗಬೇಕಾದ ಐಪಿ (ಮುಂದೆ ಓಡಿಸಬೇಕಾದ ಸೂಚನೆಯ ಸ್ಥಾನ), ಬೇಸ್, ಇಷ್ಟೇ. ಇವಕ್ಕೆಲ್ಲ ಒಂದೇ ಅರೇ ಸಾಕು: ಕಾಲ್ ಆದರೆ ಇಂಡೆಕ್ಸ್ ಏರುತ್ತೆ, ರಿಟರ್ನ್ ಆದರೆ ಇಳಿಯುತ್ತೆ.

ರನ್() ಕರೆಯುವ ಬದಲು ಐಪಿ, ಬೇಸ್ ಬದಲಿಸಿ ಅದೇ ಲೂಪಿನಲ್ಲಿ ಮುಂದುವರಿಯಿರಿ. 2022ರಲ್ಲಿ ಬಂದ ಸಿಪೈಥಾನ್ (ಪೈಥಾನ್‌ನ ಮೂಲ ಇಂಟರ್‌ಪ್ರಿಟರ್) 3.11, ಪೈಥಾನ್ ಫಂಕ್ಷನ್‌ಗಳ ನಡುವಿನ ಕಾಲ್‌ಗೆ ಮಾಡಿದ್ದೂ ಇದನ್ನೇ. ಆದರೆ ಫ್ರೇಮ್‌ಗಳಿಗೆ ಮಿತಿ ನೀವೇ ಹಾಕಬೇಕು, ಇಲ್ಲದಿದ್ದರೆ ಕೊನೆಯಿಲ್ಲದ ರಿಕರ್ಷನ್ ಅರೇಯ ಆಚೆಗೂ ಬರೆದುಬಿಡುತ್ತೆ.

ಉತ್ತರ 2:
ಮೇಲಿನದು ಸರಿ. ಸ್ಟ್ಯಾಕ್ ಬೆಳೆಸುವಾಗ ಹುಷಾರು. ರಿಯಾಲಕ್ (ಪಡೆದ ಮೆಮೊರಿಯ ಗಾತ್ರ ಬದಲಿಸುವುದು) ಆದಾಗ ಸ್ಟ್ಯಾಕ್ ಬೇರೆ ವಿಳಾಸಕ್ಕೆ ಹೋಗಬಹುದು. ಹಳೆಯ ಬೇಸ್ ಪಾಯಿಂಟರ್‌ಗಳು, ಕ್ಲೋಷರ್‌ಗಳ ಓಪನ್ ಅಪ್‌ವ್ಯಾಲ್ಯೂಗಳು (ಒಳಗಿನ ಫಂಕ್ಷನ್ ಬಳಸುವ, ಇನ್ನೂ ಸ್ಟ್ಯಾಕ್ ಮೇಲೇ ಇರುವ ಹೊರಗಿನ ವೇರಿಯಬಲ್‌ಗಳ ಪಾಯಿಂಟರ್‌ಗಳು) ಫ್ರೀ ಆದ ಮೆಮೊರಿಯನ್ನೇ ಹಿಡಿದು ಕೂತಿರುತ್ತವೆ. ಸಣ್ಣ ಟೆಸ್ಟ್‌ಗಳಲ್ಲಿ ಇದು ಕಾಣುವುದಿಲ್ಲ. ಬೇಸ್ ಅನ್ನು ಆಫ್‌ಸೆಟ್ ಆಗಿ ಇಡಿ, ಅಪ್‌ವ್ಯಾಲ್ಯೂ ಪಾಯಿಂಟರ್‌ಗಳನ್ನು ರಿಯಾಲಕ್ ಆದ ಕೂಡಲೇ ತಿದ್ದಿ. ಪರೀಕ್ಷೆಗೆ ಸ್ಟ್ಯಾಕನ್ನು 16 ಸ್ಲಾಟಿನಿಂದ ಶುರುಮಾಡಿ, ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಜೊತೆ ಓಡಿಸಿ.

ಪ್ರತಿ ಪುಶ್‌ಗೂ ಜಾಗ ನೋಡಬೇಡಿ. ಫಂಕ್ಷನ್‌ಗೆ ಗರಿಷ್ಠ ಎಷ್ಟು ಸ್ಲಾಟ್ ಬೇಕೆಂದು ಕಂಪೈಲರ್ ಲೆಕ್ಕ ಹಾಕಿಟ್ಟರೆ ಕಾಲ್ ಹೊತ್ತಲ್ಲಿ ಒಂದೇ ಚೆಕ್.

ಪ್ರಶ್ನೆ ಕೇಳಿದವರು:
ಧನ್ಯವಾದ. ಸಿಯಲ್ಲಿ ಬರೆದ ಸಾರ್ಟ್, ಬಳಕೆದಾರರ ಕಂಪೇರ್ ಫಂಕ್ಷನ್ ಕರೆದರೆ?

ಉತ್ತರ 1:
ಅಲ್ಲಿ ಮಾತ್ರ ರನ್() ನೆಸ್ಟ್ ಆಗಲಿ. ಅದು ಶುರುವಾದ ಫ್ರೇಮಿಗೆ ಒಂದು ಫ್ಲ್ಯಾಗ್ ಹಾಕಿ. ರಿಟರ್ನ್ ಹೊತ್ತಲ್ಲಿ ಫ್ಲ್ಯಾಗ್ ಕಂಡರೆ ಲೂಪ್ ಬಿಟ್ಟು ಸಿಗೆ ಮರಳಬೇಕು. ಇಲ್ಲದಿದ್ದರೆ ಸಾರ್ಟ್ ಮುಗಿಯುವ ಮೊದಲೇ ಒಳಗಿನ ಲೂಪ್, ಸಾರ್ಟ್ ಕರೆದವರ ಉಳಿದ ಕೋಡನ್ನು ಓಡಿಸಿಬಿಡುತ್ತೆ. ಐಪಿಯನ್ನು ಲೋಕಲ್ ವೇರಿಯಬಲ್‌ನಲ್ಲಿ ಇಟ್ಟಿದ್ದರೆ, ಸಿ ಫಂಕ್ಷನ್ ಕರೆಯುವ ಮುನ್ನ ಫ್ರೇಮಿಗೆ ಬರೆದಿಡಿ. ಎರರ್ ಬಂದಾಗ ಸಾಲಿನ ಸಂಖ್ಯೆ ತಪ್ಪಾಗಿ ತೋರಿಸುವುದು ಹೆಚ್ಚಾಗಿ ಇದರಿಂದಲೇ.