ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಓಝೋನ್ ಕೊಡಿಸಬಹುದಾ? ಅನುಭವ ಇದ್ದವರು ಹೇಳಿ

ಶಹಾಬಾದ್‌ನಿಂದ: ನಮ್ಮಪ್ಪನಿಗೆ ಕಲಬುರಗಿಯಲ್ಲಿ ವಾರಕ್ಕೆ 3 ಸಲ ಡಯಾಲಿಸಿಸ್. ಮೇಲಿಂದ ಮೇಲೆ ಚಳಿಜ್ವರ ಬರುತ್ತಿದೆ. ಓಝೋನ್ ಚಿಕಿತ್ಸೆ (ರಕ್ತಕ್ಕೆ ಓಝೋನ್ ಅನಿಲ ಬೆರೆಸುವುದು) ಕೊಡಿಸಿದರೆ ರೋಗನಿರೋಧಕ ಶಕ್ತಿ ಜಾಸ್ತಿ ಆಗುತ್ತದೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಯಾರಾದರೂ ಕೊಡಿಸಿದ್ದೀರಾ?

ಆಳಂದದಿಂದ: ಅಕ್ಕಾ, ನಮ್ಮ ಕಾಕಾನಿಗೂ ಹೀಗೇ ಹೇಳಿದ್ದರು. ಪ್ಯಾಕೇಜ್ ಅಂತೆ, ದುಡ್ಡು ಮೊದಲೇ ಕಟ್ಟಬೇಕಂತೆ. ಕಾಕಾನ ಕಿಡ್ನಿ ಡಾಕ್ಟರನ್ನು ಕೇಳಿದೆವು. "ರಕ್ತ ಯಾವ ಕೈಯಿಂದ ತೆಗೀತಾರೆ?" ಅಂತ ಅವರೇ ತಿರುಗಿ ಕೇಳಿದರು. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಆಪರೇಷನ್ ಮಾಡಿ ಕೂಡಿಸಿದ ರಕ್ತನಾಳ) ಇರುವ ಕೈಯಲ್ಲಿ ಬಿಪಿ ಕೂಡ ನೋಡಬಾರದು. ಇನ್ನೊಂದು ಕೈಯ ರಕ್ತನಾಳಗಳೂ ಮುಂದೆ ಬೇಕಾಗುತ್ತವೆ, ಸುಮ್ನೆ ಚುಚ್ಚಿಸಬೇಡಿ ಅಂದರು. ನಾವು ಕೊಡಿಸಲಿಲ್ಲ.

ಬೀದರ್‌ನಿಂದ: ನಾನು ಡಯಾಲಿಸಿಸ್ ಘಟಕದಲ್ಲಿ ನರ್ಸ್. ಓಝೋನ್ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ರಕ್ತ ಹೊರಗೆ ತೆಗೆದು, ಓಝೋನ್ ಮತ್ತು ಆಮ್ಲಜನಕ ಬೆರೆಸಿ, ವಾಪಸ್ ಏರಿಸುತ್ತಾರೆ. ಡಯಾಲಿಸಿಸ್ ರೋಗಿಗಳ ಮೇಲೆ ಪೋಲೆಂಡ್‌ನಲ್ಲಿ ಸಣ್ಣ ಸಣ್ಣ ಅಧ್ಯಯನ ನಡೆದಿವೆ. ಆದರೆ ಇದರಿಂದ ಸೋಂಕು ಕಡಿಮೆಯಾಗುತ್ತದೆ ಅಂತ ನಂಬುವಷ್ಟು ಪುರಾವೆ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಲ್ಲಿ ಓಝೋನನ್ನು ವಿಷಾನಿಲ ಅಂತಲೇ ಬರೆದಿದೆ. ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಪಾಡುವ ಕಿಣ್ವ) ಕೊರತೆ ಇದ್ದವರಿಗೆ ಕೆಂಪು ರಕ್ತಕಣ ಒಡೆಯುವ ಅಪಾಯವೂ ಇದೆ. ಮೊದಲೇ ರಕ್ತ ಕಡಿಮೆ ಇರುವವರು ನಮ್ಮ ರೋಗಿಗಳು, ಅಲ್ವಾ?

ಕಿಡ್ನಿ ಕೆಟ್ಟಾಗ ದೇಹದಲ್ಲಿ ಉಳಿಯುವ ಕಶ್ಮಲದಿಂದಲೇ ಬಿಳಿ ರಕ್ತಕಣ ಮಂಕಾಗುತ್ತವೆ. ಅದಕ್ಕೇ ಅರ್ಧಕ್ಕೆ ಮಷಿನ್ ಬಿಡಿಸಿಕೊಂಡು ಎದ್ದು ಹೋಗಬಾರದು. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ ನೋಡಿ. ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ 40 ಮೈಕ್ರೋಗ್ರಾಂ, ಅಂದರೆ ದುಪ್ಪಟ್ಟು ಡೋಸ್. ಆಮೇಲೆ ರಕ್ತ ಪರೀಕ್ಷೆಯಲ್ಲಿ ಟೈಟರ್, ಅಂದರೆ ಲಸಿಕೆಯಿಂದ ಬಂದ ಪ್ರತಿಕಾಯದ ಮಟ್ಟ, 10ಕ್ಕಿಂತ ಮೇಲಿರಬೇಕು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾ ಲಸಿಕೆ ಬಗ್ಗೆಯೂ ಕೇಳಿ. ಊಟದಲ್ಲಿ ಪ್ರೊಟೀನ್ ಬೇಕು, ದಿನಕ್ಕೆ ತೂಕದ ಕಿಲೋಗೆ 1ರಿಂದ 1.2 ಗ್ರಾಂ. ಹೆದರಿ ತೊಗರಿ ಬೇಳೆಯನ್ನೇ ಪೂರ್ತಿ ಬಿಟ್ಟು ಸೊರಗಿದವರನ್ನು ನೋಡಿ ಹೊಟ್ಟೆ ಉರಿಯುತ್ತದೆ. ಎಷ್ಟು ತಿನ್ನಬೇಕು ಅಂತ ಡಯಟಿಷಿಯನ್ ಹೇಳುತ್ತಾರೆ. ಮೊಟ್ಟೆಯ ಬಿಳಿ ಭಾಗ ಒಳ್ಳೆಯದು.

ಅಕ್ಕಾ, ಒಂದು ಮಾತು. ಅಪ್ಪನಿಗೆ ಕೈಯಲ್ಲಿ ಫಿಸ್ಟುಲಾ ಇದೆಯಾ, ಕತ್ತಿನಲ್ಲಿ ಪೈಪ್ ಇದೆಯಾ? ಚಳಿ ಯಾವಾಗ ಬರುತ್ತದೆ?

ಶಹಾಬಾದ್‌ನಿಂದ: ಕತ್ತಿನಲ್ಲಿ ಪೈಪ್ ಇದೆ. ಮಷಿನ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ನಡುಕ ಶುರುವಾಗುತ್ತದೆ.

ಬೀದರ್‌ನಿಂದ: ಹಾಗಾದರೆ ಓಝೋನ್ ಮಾತು ಬಿಡಿ. ಪೈಪಿನಲ್ಲೇ ಸೋಂಕು ಇರಬಹುದು, ಅದು ರಕ್ತಕ್ಕೆ ಹರಡುತ್ತದೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಇದೇ ಮಾತು ಹೇಳಿ. ಆಂಟಿಬಯಾಟಿಕ್ ಕೊಡುವ ಮೊದಲೇ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಯಾವ ರೋಗಾಣು ಇದೆ ಅಂತ ನೋಡುವ ಪರೀಕ್ಷೆ) ರಕ್ತ ತೆಗೆಯಬೇಕು. ಮನೆಯಲ್ಲಿರುವ ಹಳೆ ಮಾತ್ರೆ ಕೊಡಬೇಡಿ. ಪೈಪಿನ ಪಟ್ಟಿ ಒದ್ದೆ ಆಗದಂತೆ ನೋಡಿಕೊಳ್ಳಿ. ಫಿಸ್ಟುಲಾ ಯಾವಾಗ ಮಾಡುತ್ತಾರೆ ಅಂತಲೂ ಕೇಳಿ.