ಟ್ಯಾಂಕ್ ಮಾಡೆಲಿಗೆ ಚಳಿಗಾಲದ ಸುಣ್ಣ: ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕದಿಂದ): ಅಣ್ಣಾ, ನೀವು ಮಾಡೆಲ್ ಮಾಡುವುದನ್ನೇ ಕಸುಬು ಮಾಡಿಕೊಂಡವರು, ಅದಕ್ಕೆ ನಿಮ್ಮಲ್ಲೇ ಕೇಳುತ್ತಿದ್ದೇನೆ. 1/35 ಅಳತೆಯ ಜರ್ಮನ್ ಪಾಂಜರ್ 4 ಟ್ಯಾಂಕ್ ಕಟ್ಟಿದ್ದೇನೆ. 1941ರ ಚಳಿಗಾಲದಲ್ಲಿ ಮಾಸ್ಕೋ ಹತ್ತಿರ ಇದ್ದದ್ದು ಅಂತ ತೋರಿಸಬೇಕು. ಬೂದು ಬಣ್ಣ ಆಗಿದೆ. ಹಿಮದಲ್ಲಿ ಕಾಣದ ಹಾಗೆ ಮೇಲೆ ಬಳಿಯುತ್ತಿದ್ದ ಬಿಳಿ ಹೇಗೆ ಹೊಡೆಯುವುದು, ಸವೆದ ಹಾಗೆ ಕಾಣಲು ಎಲ್ಲೆಲ್ಲಿ ಎಷ್ಟು ಕೀಳುವುದು?

ಉತ್ತರ: ಆ ಬಿಳಿ ಏನು ಅಂತ ಮೊದಲು ತಿಳ್ಕೊಳ್ಳಿ ಮಾರಾಯ್ರೆ. ಹೆಚ್ಚಾಗಿ ಅದು ಸುಣ್ಣ ಅಥವಾ ಸೀಮೆಸುಣ್ಣದ ಪುಡಿ ನೀರಿಗೆ ಕಲಸಿದ್ದು. ಚಳಿಗಾಲಕ್ಕೆ ಮೊದಲೇ ಯುದ್ಧ ಮುಗಿಯುತ್ತದೆ ಅಂದುಕೊಂಡು ಹೋದ ಸೈನ್ಯ, ಬಿಳಿ ಬಣ್ಣ ಸಾಕಷ್ಟು ಎಲ್ಲಿಂದ ಬರಬೇಕು? ಸಿಕ್ಕಿದ ಸುಣ್ಣವನ್ನು ಬ್ರಷ್ಷೋ ಪೊರಕೆಯೋ ಕೈಗೆ ಬಂದದ್ದರಲ್ಲಿ ಬಳಿದರು, ಅದೂ ಇಲ್ಲದಲ್ಲಿ ಹಾಸಿಗೆ ಬಟ್ಟೆ ಹೊದೆಸಿದ್ದೂ ಉಂಟು. ಹಿಮ ಕರಗಿದ ಮೇಲೆ ತಿಕ್ಕಿ ತೊಳೆಯಬೇಕಲ್ವಾ, ಹಾಗಾಗಿ ಗಟ್ಟಿ ಪೈಂಟಿಗಿಂತ ಇದೇ ಅನುಕೂಲ.

ಕೀಳುವ ಮೊದಲು ಆ ಗಾಡಿಯ ಮೇಲೆ ಯಾರು ಎಲ್ಲಿ ಕಾಲಿಡುತ್ತಿದ್ದರು ಅಂತ ಯೋಚಿಸಿ. ಪಾಂಜರ್ 4ರ ಗೋಪುರದ, ಅಂದರೆ ಫಿರಂಗಿ ಕೂತ ತಿರುಗುವ ಭಾಗದ, ಎರಡೂ ಬದಿಗೆ ಬಾಗಿಲು. ಅದಕ್ಕೆ ಹತ್ತುವವರು ಮಡ್‌ಗಾರ್ಡ್ ತುಳಿದೇ ಹತ್ತಬೇಕು, ಅಲ್ಲಿ ಬೂಟಿನ ಅಡಿಗೆ ಬಿಳಿ ಬೇಗ ಹೋಗುತ್ತದೆ. ಬಾಗಿಲಿನ ಅಂಚು, ಹಿಡಿಕೆ, ಚಾಲಕನ ಮುಚ್ಚಳದ ಸುತ್ತ, ಅಲ್ಲೂ ಹಾಗೇ. ಹಿಂದೆ ಸೈಲೆನ್ಸರ್ ಹತ್ತಿರ ಮಸಿ. ಚಕ್ರಗಳ ಹಿಂದಿನ ಗೋಡೆಗೆ ಪೊರಕೆ ತಲುಪುವುದೇ ಕಷ್ಟ, ಅದನ್ನು ಬೂದು ಬಣ್ಣದಲ್ಲೇ ಬಿಡಿ, ಕೆಸರು ಹಚ್ಚಿದರೆ ಸಾಕು. ಶಿಲುಬೆ ಗುರುತು, ನಂಬರ್ ಸುತ್ತ ಸುಣ್ಣ ತಾಗಿಸದೆ ಬಿಟ್ಟದ್ದೂ ಇದೆ, ಸುತ್ತ ಒಂದು ಬೂದು ಚೌಕ ಉಳಿಯುತ್ತದೆ. ಅದೊಂದು ಮಾಡಿ ನೋಡಿ, ಚೆನ್ನಾಗಿ ಕಾಣುತ್ತದೆ.

ಸುಣ್ಣ ಹೇಗೆ ಇಳಿಯುತ್ತದೆ ಅಂತ ಫೋಟೋ ಹುಡುಕುತ್ತಾ ಕೂರಬೇಡಿ, ತೋಟಕ್ಕೆ ಹೋಗಿ. ಪಡುಬಿಸಿಲು ಬೀಳುವ ಬದಿಯ ಅಡಿಕೆ ಮರಕ್ಕೆ ಸುಣ್ಣ ಬಳಿದಿರುತ್ತಾರಲ್ಲ, ಒಂದು ಮಳೆಗಾಲ ಕಳೆದ ಮರ ನೋಡಿ. ನೀರು ಹರಿದಲ್ಲಿ ಉದ್ದುದ್ದ ಗೀಟು, ಗೆಣ್ಣಿನ ಸಂದಿಯಲ್ಲಿ ಮಾತ್ರ ದಪ್ಪಕ್ಕೆ ಬಿಳಿ. ಟ್ಯಾಂಕಿನ ಬೆಸುಗೆ ಗೆರೆ, ಬೋಲ್ಟಿನ ಬುಡದಲ್ಲೂ ಹಾಗೇ ಉಳಿಸಿ.

ಪ್ರಶ್ನೆ (ಅವರೇ): ಬಿಳಿ ಸುಲಭದಲ್ಲಿ ಕೀಳಲು ಅದರ ಅಡಿಗೆ ಹೇರ್‌ಸ್ಪ್ರೇ ಹಾಕಿ ಮಾಡುತ್ತಾರಂತಲ್ಲ?

ಉತ್ತರ: ಹೌದು, ನಾನೂ ಅದನ್ನೇ ಮಾಡುವುದು. ಬೂದು ಬಣ್ಣದ ಮೇಲೆ ವಾರ್ನಿಷ್ ಹೊಡೆದು ಪೂರ್ತಿ ಒಣಗಲಿ. ಆಮೇಲೆ ತೆಳ್ಳಗೆ ಎರಡು ಸಲ ಹೇರ್‌ಸ್ಪ್ರೇ, ಅಂಗಡಿಯ ಅಗ್ಗದ್ದೇ ಸಾಕು. ಅದರ ಮೇಲೆ ಟಮಿಯಾ ಕಂಪೆನಿಯ ಮಾಡೆಲ್ ಬಣ್ಣ ಎಕ್ಸ್‌ಎಫ್-2 ಬಿಳಿ, ಚೂರು ಬಫ್ (ತಿಳಿ ಕಂದುಹಳದಿ) ಸೇರಿಸಿ, ಅಚ್ಚ ಬಿಳಿ ಕಣ್ಣಿಗೆ ಹೊಡೆಯುತ್ತದೆ. ಇಲ್ಲೊಂದು ಗುಟ್ಟು: ನೀರಿನಲ್ಲೇ ತೆಳು ಮಾಡಿ. ಲ್ಯಾಕರ್ ಥಿನ್ನರ್ ಹಾಕಿದರೆ ಅದು ಹೇರ್‌ಸ್ಪ್ರೇಯನ್ನು ಕಚ್ಚಿ ಹಿಡಿಯುತ್ತದೆ, ಮತ್ತೆ ನೀವು ತಿಕ್ಕಿದರೂ ಬಿಳಿ ಬರುವುದಿಲ್ಲ. ಒಣಗಿದ ದಿನವೇ ನೀರು ಒದ್ದೆ ಮಾಡಿ, ಒಂದು ನಿಮಿಷ ಬಿಟ್ಟು, ಕೂದಲು ಗಿಡ್ಡ ಮಾಡಿದ ಹಳೇ ಬ್ರಷ್ಷಿನಿಂದ ಮೇಲಿಂದ ಕೆಳಗೆ ತಿಕ್ಕಿ. ಅಡ್ಡಡ್ಡ ತಿಕ್ಕಬೇಡಿ, ಮಳೆ ಅಡ್ಡ ಹರಿಯುವುದಿಲ್ಲ.

ಪ್ರಶ್ನೆ (ಮಂಜೇಶ್ವರದಿಂದ): ನಮ್ಮ ಮಳೆಗಾಲದಲ್ಲಿ ಇದೆಲ್ಲ ಒಣಗುತ್ತದಾ?

ಉತ್ತರ: ಒಣಗುತ್ತದೆ, ನಿಧಾನ. ಆದರೆ ಜೂನ್-ಜುಲೈಯಲ್ಲಿ ಮ್ಯಾಟ್ ವಾರ್ನಿಷ್ ಡಬ್ಬಿ ಮುಟ್ಟಲೇಬೇಡಿ. ಗಾಳಿಯ ತೇವಕ್ಕೆ ಮೇಲೆ ಬೆಳ್ಳಗೆ ಮಂಜು ಕಟ್ಟಿ ಕೂರುತ್ತದೆ, ಅದನ್ನು ಚಳಿಗಾಲದ ಎಫೆಕ್ಟ್ ಅಂತ ಹೇಳಿಕೊಳ್ಳಬೇಕಷ್ಟೇ!

ಪ್ರಶ್ನೆ (ಕುಂಬಳೆಯಿಂದ): ರಷ್ಯನ್ ಟಿ-34 ಟ್ಯಾಂಕಿಗೂ ಇದೇ ಕ್ರಮವಾ? ಮತ್ತೆ ಮನೆಯಲ್ಲಿ ನಿಜವಾದ ಸುಣ್ಣ ಇದೆ, ಅದನ್ನೇ ಬಳಿಯಬಹುದಾ?

ಉತ್ತರ: ಕ್ರಮ ಅದೇ, ಅಡಿಗೆ ಹಸಿರು. ಬಯಲಲ್ಲಿ ಪೂರ್ತಿ ಬಿಳಿ, ಕಾಡಿನಲ್ಲಿ ಮರಗಳು ಕಪ್ಪಗೆ ಕಾಣುವುದರಿಂದ ನಡುನಡುವೆ ಹಸಿರು ಬಿಟ್ಟು ಪಟ್ಟೆ ಥರ ಬಳಿಯುತ್ತಿದ್ದರು. ಜರ್ಮನ್ ಗಾಡಿಯಾದರೆ ವರ್ಷ ನೋಡಿ, 1943ರ ಫೆಬ್ರವರಿಯಲ್ಲಿ ಬೂದು ಬಿಟ್ಟು ಕಡುಹಳದಿಗೆ ಆದೇಶ ಬಂತು.

ನಿಜವಾದ ಸುಣ್ಣ ಬೇಡ. 1/35ರಲ್ಲಿ 0.1 ಮಿಲಿಮೀಟರಿನ ಒಂದು ಕಾಳು 3.5 ಮಿಲಿಮೀಟರ್ ಗಂಟಿನ ಹಾಗೆ ಕಾಣುತ್ತದೆ. ಕಣ್ಣಿಗೆ ಬಿದ್ದರೆ ಸುಡುವುದು ಬೇರೆ. ಬಿಳಿ ಪಿಗ್ಮೆಂಟ್ ಪುಡಿ ಸಿಗುತ್ತದೆ, ಅದನ್ನು ಮೂಲೆಗಳಿಗೆ ಒಣ ಬ್ರಷ್ಷಿನಲ್ಲಿ ಹಚ್ಚಿ, ಸುಣ್ಣವನ್ನು ವೀಳ್ಯದೆಲೆಗೆ ಇಟ್ಟುಕೊಳ್ಳಿ.