ಗಾಳದ ರಾಡಿಗೆ ಬಣ್ಣದ ದಾರ ಸುತ್ತುವುದು ಕಲಿಯಬೇಕು, ಮಾಡಿದವರು ಅನುಭವ ಹೇಳಿ

ಹಿನ್ನೀರಿನವ, ಸಾಗರ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎಂಟು ಅಡಿಯ, ಎರಡು ತುಂಡಿನ ರಾಡ್ ಇದೆ. ಗಾಳದ ದಾರ ಹಾಯುವ ಮೂರು ರಿಂಗ್ ಕಿತ್ತು ಬಂದಿವೆ. ಹೇಗೂ ಮತ್ತೆ ಕಟ್ಟಬೇಕು, ಹಾಗೇ ಹಿಡಿಯ ಮುಂದೆ ಡೈಮಂಡ್ ಡಿಸೈನ್ ಸುತ್ತೋಣ ಅಂತ ಆಸೆ. ಬೆಂಗಳೂರಲ್ಲಿ ಒಬ್ಬರು ಎರಡು ದಿನಕ್ಕೆ 6,000 ರೂಪಾಯಿ ತೆಗೆದುಕೊಂಡು ಕಲಿಸುತ್ತಾರಂತೆ. ಕ್ಲಾಸಿಗೆ ಹೋಗಲೇಬೇಕಾ, ವಿಡಿಯೋ ನೋಡಿ ಕಲಿಯಬಹುದಾ? ನನ್ನ ಬಜೆಟ್ ಎಲ್ಲ ಸೇರಿ 10,000. ಸಂಜೆ ಒಂದು ಗಂಟೆ ಬಿಡುವು ಸಿಗುತ್ತದೆ.

ಮಲ್ಪೆ ಬಂಡೆ:
ಕ್ಲಾಸಿಗೆ ದುಡ್ಡು ಸುರಿಯಬೇಡಿ ಮಾರಾಯರೇ. ನಾನು ಯಾರ ಹತ್ತಿರವೂ ಕಲಿಯಲಿಲ್ಲ. 2021ರ ಮಳೆಗಾಲ. ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟು ಬಂದ್. ಬಂಡೆ ಮೇಲೆ ನಿಂತು ಗಾಳ ಹಾಕಲಿಕ್ಕೂ ಆಗುವುದಿಲ್ಲ, ಅಲೆ ಎಳೆದುಕೊಂಡು ಹೋಗುತ್ತದೆ. ಕೈ ಖಾಲಿ ಇತ್ತು, ಶುರು ಮಾಡಿದೆ. ಹತ್ತು ಅಡಿಯ ಬ್ಲ್ಯಾಂಕ್, ಅಂದರೆ ರಿಂಗ್ ಹಿಡಿ ಇಲ್ಲದ ಬರೀ ಕೋಲು, 5,200. ರಿಂಗ್ ಸೆಟ್ 2,650. ನೈಲಾನ್ ದಾರ ನಾಲ್ಕು ಬಣ್ಣ 1,120. ದಾರದ ಮೇಲೆ ಹಚ್ಚುವ ಎಪಾಕ್ಸಿ ಅಂಟು 1,450. ಪೊಟ್ಟಣ ಉದ್ದ ಆಯ್ತು ಅಂತ ಕೊರಿಯರಿನವರು 900 ಜಾಸ್ತಿ ಹಿಡಿದರು. 11,320 ಹೋಯಿತು, ಒಂದು ಮೀನೂ ಹಿಡಿಯದೆ.

ಹನ್ನೊಂದು ಸಂಜೆ ಕೂತು ಸುತ್ತಿದೆ. ಕೆಂಪು, ಹಳದಿ, ಕಪ್ಪು, ನಡುವೆ ಒಂದೆಳೆ ಬಿಳಿ. ಒಣ ದಾರದಲ್ಲಿ ಎಷ್ಟು ಚಂದ ಕಾಣುತ್ತಿತ್ತು ಅಂದರೆ ಮನೆಯವಳನ್ನು ಎಬ್ಬಿಸಿ ತೋರಿಸಿದ್ದೆ. ಎಪಾಕ್ಸಿ ಹಚ್ಚಿದ ರಾತ್ರಿ ಜೋರು ಮಳೆ. ಬೆಳಿಗ್ಗೆ ನೋಡಿದರೆ ಮೇಲೆಲ್ಲ ಬಿಳಿ ಪೊರೆ, ಮುಟ್ಟಿದರೆ ಜಿಡ್ಡು. ಕೆಂಪು ಹೋಗಿ ಕಂದು ಆಗಿತ್ತು. ಹಳದಿ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ಕಡೆ ಎಪಾಕ್ಸಿ ದಾರಕ್ಕೆ ಹತ್ತದೆ ಗುಂಡಗೆ ಸರಿದು ಮೀನಿನ ಕಣ್ಣಿನ ಹಾಗೆ ಗುಳಿ ಬಿದ್ದಿತ್ತು. ಅದಕ್ಕೆ ಕಾರಣ ನನ್ನ ಕೈಯ ತೆಂಗಿನೆಣ್ಣೆ. ತಲೆಗೆ ಹಚ್ಚಿ ಸರಿಯಾಗಿ ತೊಳೆಯದೆ ಕೂತಿದ್ದೆ. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಬ್ಲೇಡಿನಲ್ಲಿ ಕೆರೆದು ಎಲ್ಲ ತೆಗೆದೆ. ಬ್ಲ್ಯಾಂಕಿಗೆ ಗೀರು ಬಿತ್ತು. ಆ ಗೀರು ಈಗಲೂ ಉಂಟು.

ಜನವರಿಯಲ್ಲಿ ಮತ್ತೆ ಮಾಡಿದೆ. ಬಾಗಿಲು ಹಾಕಿದ ಕೋಣೆ, 60 ವ್ಯಾಟಿನ ಬಲ್ಬು, ಸೋಪಿನಲ್ಲಿ ಎರಡು ಸಲ ತೊಳೆದ ಕೈ. ಗಾಜಿನ ಹಾಗೆ ಬಂತು. ಇವತ್ತಿನವರೆಗೆ 14 ರಾಡ್ ಮಾಡಿದ್ದೇನೆ. ಆರು ಕೆಜಿ ಕೆಂಬೇರಿ ಎಳೆದರೂ ಆ ಮೊದಲ ರಾಡಿನ ಒಂದು ರಿಂಗೂ ಅಲ್ಲಾಡಲಿಲ್ಲ.

ಡಲ್ಲಾಸ್ ಕೆರೆ:
ನಾನು ಹಾಸನದವನು, ಈಗ ಟೆಕ್ಸಸ್‌ನಲ್ಲಿ ಇದ್ದೇನೆ. ಕ್ಲಾಸಿಗೆ ಹೋಗಿ ಅಂತ ಖಡಾಖಂಡಿತ ಹೇಳುತ್ತೇನೆ. ನಾನು ಮೊದಲು ವಿಡಿಯೋ ನೋಡಿ ಮೂರು ರಾಡ್ ಹಾಳು ಮಾಡಿದೆ. ಮೂರರಲ್ಲೂ ಒಂದೇ ತಪ್ಪು. ಡೈಮಂಡ್‌ಗೆ ಎರಡು ದಾರ ಎದುರುಬದುರು ಸುರುಳಿ ಹೋಗುತ್ತವೆ, ಮುಂದಿನ ಗೆರೆಯಲ್ಲಿ ಒಂದು ಸಲ, ಬೆನ್ನಿನ ಗೆರೆಯಲ್ಲಿ ಒಂದು ಸಲ ದಾಟುತ್ತವೆ. ನಾನು ಮುಂದಿನ ಗೆರೆಯನ್ನಷ್ಟೇ ನೋಡುತ್ತಿದ್ದೆ. ತಿರುಗಿಸಿದರೆ ಬೆನ್ನಿನ ಕಡೆ ಎಲ್ಲ ಡೈಮಂಡೂ ಸೊಟ್ಟ. ಮೂರನೆಯದರಲ್ಲಿ 64 ಎಳೆ ಹಾಕಿದ ಮೇಲೆ ಗೊತ್ತಾಯಿತು. ಕತ್ತರಿಸಿ ಎಸೆದೆ.

ಆಮೇಲೆ 180 ಡಾಲರ್ ಕೊಟ್ಟು ಒಂದು ಶನಿವಾರ ಪೂರ್ತಿ ಕೂತೆ. ಕಲಿಸಿದವರು ಮೊದಲ ಎರಡು ಗಂಟೆ ದಾರ ಮುಟ್ಟಲು ಬಿಡಲಿಲ್ಲ. ಸುಮ್ನೆ ಗುರುತು ಹಾಕಿಸಿದರು. ರಾಡ್ ಕೆಳಗೆ ದಪ್ಪ, ಮೇಲೆ ಹೋದ ಹಾಗೆ ಸಣ್ಣ. ಅದಕ್ಕೆ ದಾಟುವ ಜಾಗದ ಅಂತರವೂ ಕಡಿಮೆ ಆಗುತ್ತಾ ಹೋಗಬೇಕು. ನನ್ನದರಲ್ಲಿ 30 ಮಿಲಿಮೀಟರ್, ಆಮೇಲೆ 28, ಆಮೇಲೆ 26. ಎಲ್ಲ ಕಡೆ 30 ಇಟ್ಟರೆ ಮೇಲಿನ ಡೈಮಂಡ್‌ಗಳು ಎಳೆದ ಹಾಗೆ ಉದ್ದ ಕಾಣುತ್ತವೆ. ಇದನ್ನು ನನಗೆ ಯಾವ ವಿಡಿಯೋನೂ ಹೇಳಿರಲಿಲ್ಲ.

ಮತ್ತೆ ಮಲ್ಪೆಯವರೇ, ನಿಮ್ಮ ಕೆಂಪು ಕಂದಾಗಿದ್ದು ಮಳೆಯಿಂದ ಅಲ್ಲ. ಸಾದಾ ನೈಲಾನ್ ಮೇಲೆ ಬಣ್ಣ ಉಳಿಸುವ ದ್ರವ, ಕಲರ್ ಪ್ರಿಸರ್ವರ್, ಹಚ್ಚದೆ ಎಪಾಕ್ಸಿ ಹಾಕಿದ್ದೀರಿ. ದಾರ ಎಪಾಕ್ಸಿ ಕುಡಿದು ಪಾರದರ್ಶಕ ಆಗುತ್ತದೆ, ಒಳಗಿನ ಕಪ್ಪು ಬ್ಲ್ಯಾಂಕ್ ಕಾಣುತ್ತದೆ. ಇದು ಮೊದಲ ಪಾಠ.

ಮಲ್ಪೆ ಬಂಡೆ:
ಮಳೆಯಿಂದ ಬಣ್ಣ ಹೋಯಿತು ಅಂತ ನಾನು ಎಲ್ಲಿ ಬರೆದೆ? ಬಿಳಿ ಪೊರೆ ಮಳೆಯ ತೇವದಿಂದ. ಸರಿಯಾಗಿ ಓದಿ. ನಿಮ್ಮ ಆ ಪ್ರಿಸರ್ವರ್ ನಾನು ಎರಡನೇ ರಾಡಿಗೆ ಹಚ್ಚಿದ್ದೆ. ಅದು ದಾರದ ಸಂದು ಮುಚ್ಚಿಬಿಡುತ್ತದೆ, ಎಪಾಕ್ಸಿ ಒಳಗೆ ಇಳಿಯುವುದೇ ಇಲ್ಲ. ಎರಡು ತಿಂಗಳಲ್ಲಿ ರಿಂಗ್ ತಿರುಗಲು ಶುರುವಾಯಿತು. ಮುರು ಮೀನು ಬಂಡೆಯ ಪೊಟರೆಗೆ ನುಗ್ಗುವಾಗ ರಿಂಗ್ ತಿರುಗಿದರೆ ಗಾಳದ ದಾರವೂ ಹೋಯಿತು, ಮೀನೂ ಹೋಯಿತು. ಕೆರೆಯಲ್ಲಿ ಹಿಡಿಯುವವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಡಲ್ಲಾಸ್ ಕೆರೆ:
ರಿಂಗಿಗೆ ಹಚ್ಚಿ ಅಂತ ಯಾರು ಹೇಳಿದರು? ಡಿಸೈನಿಗೆ ಮಾತ್ರ ಹಚ್ಚಬೇಕು. ರಿಂಗ್ ಕಟ್ಟಲು ಬಣ್ಣ ಹೋಗದ ದಾರವೇ ಬೇರೆ ಸಿಗುತ್ತದೆ. ತಪ್ಪು ಜಾಗಕ್ಕೆ ಹಚ್ಚಿ ವಸ್ತುವನ್ನು ಬೈದರೆ ಹೇಗೆ? ಕೆರೆ, ಕಡಲು ಅಂತ ಕೀಳು ಮೇಲು ಮಾಡಬೇಡಿ.

ಚಿಕ್ಕಪೇಟೆ ದಾರ:
ನೀವಿಬ್ಬರೂ ಜಗಳ ಆಡಿಕೊಳ್ಳಿ, ನಾನು ದಾರದ ವಿಷಯ ಹೇಳುತ್ತೇನೆ. ನಮ್ಮಮ್ಮ 22 ವರ್ಷದಿಂದ ಸೀರೆಗೆ ಕುಚ್ಚು ಹಾಕುತ್ತಾರೆ. ಮನೆ ತುಂಬ ದಾರ. ನನ್ನ ಮೊದಲ ರಾಡಿಗೆ ಅದೇ ಕುಚ್ಚಿನ ದಾರ ಸುತ್ತಿದೆ. ಒಂದು ಉಂಡೆ 20 ರೂಪಾಯಿ, ಬಣ್ಣ ನೂರಾರು, ಇನ್ನೇನು ಬೇಕು ಅಂದುಕೊಂಡೆ. ಅಂಗಡಿಯಲ್ಲಿ ಸಿಲ್ಕ್ ಥ್ರೆಡ್ ಅನ್ನುತ್ತಾರೆ, ಆದರೆ ನನ್ನದು ರೇಷ್ಮೆ ಆಗಿರಲಿಲ್ಲ, ರೇಯಾನ್. ಹುರಿ ಇಲ್ಲ. ಬೆರಳು ತಾಗಿದಲ್ಲೆಲ್ಲ ಜುಂಗು ಏಳುತ್ತದೆ. ಎಪಾಕ್ಸಿ ಹಚ್ಚಿದ ಮೇಲೆ ಆ ಜುಂಗು ಮುಳ್ಳಿನ ಹಾಗೆ ನಿಂತುಕೊಂಡಿತು. ಸ್ಪಿರಿಟ್ ದೀಪದಲ್ಲಿ ಸುಡಲು ಹೋದೆ, ನೀಲಿ ದಾರದಲ್ಲಿ ಕಂದು ಕಲೆ ಬಿತ್ತು. ಒಂದು ತಿಂಗಳ ಕೆಲಸ ಹೋಯಿತು. ಜರಿ ಎಳೆಯನ್ನು ಮಾತ್ರ ಅಂಚಿಗೆ ಎರಡು ಸುತ್ತು ಹಾಕಿದ್ದೆ, ಅದು ಚೆನ್ನಾಗಿ ನಿಂತಿತು. ಈಗಲೂ ನನ್ನ ಎಲ್ಲ ರಾಡಿಗೂ ಜರಿ ಅಂಚು ಇರುತ್ತದೆ.

ಆಮೇಲೆ ಸರಿಯಾದ ದಾರ ತಂದೆ. ರಿಂಗಿಗೆ ಸಣ್ಣದು, ಎ ಸೈಜ್. ಡಿಸೈನಿಗೆ ದಪ್ಪದ ಡಿ. ಆದರೂ ಸುತ್ತು ಸಡಿಲ, ಸಂದು ಬೀಳುತ್ತಿತ್ತು. ಅಮ್ಮ ಒಂದು ದಿನ ಪಕ್ಕದಲ್ಲಿ ಕೂತು ನೋಡಿದರು. ದಾರವನ್ನು ಹೆಬ್ಬೆರಳು, ತೋರುಬೆರಳಲ್ಲಿ ಜಗ್ಗಬೇಡ ಅಂದರು. ಕಿರುಬೆರಳಿಗೆ ಒಂದು ಸುತ್ತು ಹಾಕಿ, ಉಂಗುರದ ಬೆರಳ ಕೆಳಗಿಂದ ತಂದು, ತೋರುಬೆರಳ ತುದಿಯ ಮೇಲೆ ಬಿಟ್ಟರು. ಕುಚ್ಚಿಗೆ ಅವರು ಹಿಡಿಯುವುದೇ ಹಾಗೆ. ಕೈ ಮುಚ್ಚಿದರೆ ಬಿಗಿ, ಸ್ವಲ್ಪ ಬಿಟ್ಟರೆ ಸಡಿಲ. ಅವತ್ತಿನಿಂದ ನನ್ನ ಸುತ್ತು ಎಳೆಗೆ ಎಳೆ ಕೂತಿತು. ನನಗೆ ಕಲಿಸಿದ್ದು ವಿಡಿಯೋನೂ ಅಲ್ಲ, ಕ್ಲಾಸೂ ಅಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಒಂದು ಅಂಗಡಿಯಲ್ಲಿ ನಾನು ರಿಂಗ್ ಕೇಳಿದರೆ, ಯಾರಿಗೆ ಮೇಡಂ, ಯಜಮಾನರಿಗಾ ಅಂತ ಕೇಳಿದರು. ನನಗೇ ಅಂದೆ. ಆಟದ ಸಾಮಾನಿನ ಹಾಗಿರುವ ಸೆಟ್ ತೆಗೆದುಕೊಟ್ಟರು. 1,900 ರೂಪಾಯಿ. ನಾಲ್ಕು ರಿಂಗಿನ ಒಳಬಳೆ ಒಂದೇ ಬೇಸಿಗೆಯಲ್ಲಿ ಉದುರಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಪಾಕ್ಸಿ ಒಂದೇ ಕಡೆ ಇಳಿಯದ ಹಾಗೆ ರಾಡ್ ತಿರುಗಿಸುತ್ತಾ ಒಣಗಿಸಲು ಮೋಟರ್ ಬೇಕು, ಅದಕ್ಕೂ ಜಾಸ್ತಿ ಕೊಡಬೇಡಿ. ಹಳೇ ಮೈಕ್ರೋವೇವಿನ ತಟ್ಟೆ ತಿರುಗಿಸುವ ಮೋಟರ್ ಸಾಕು. ನಿಮಿಷಕ್ಕೆ ಐದಾರು ಸುತ್ತು. ನನಗೆ ಬೆಂಗಳೂರಿನ ಎಸ್.ಪಿ. ರೋಡಲ್ಲಿ 180ಕ್ಕೆ ಸಿಕ್ಕಿತು.

ಹಳೇ ಗಾಳ, ಮೈಸೂರು:
ಎಲ್ಲರೂ ಡೈಮಂಡ್ ಡೈಮಂಡ್ ಅನ್ನುತ್ತಿದ್ದೀರಿ. ನನಗೆ 71 ವರ್ಷ. ನಮ್ಮ ತಂದೆಯದೊಂದು ರಾಡ್ ಇತ್ತು, ಬಿದಿರು ಸೀಳಿ ಆರು ಪಟ್ಟಿ ಅಂಟಿಸಿದ್ದು. ಉದ್ದಕ್ಕೂ ಅಂಗುಲಕ್ಕೊಂದು ಸಣ್ಣ ರೇಷ್ಮೆ ಸುತ್ತು. ಅದು ಚಂದಕ್ಕೆ ಹಾಕಿದ್ದಲ್ಲ. ಆಗಿನ ಅಂಟನ್ನು ನಂಬುವ ಹಾಗಿರಲಿಲ್ಲ, ಪಟ್ಟಿ ಬಿಟ್ಟುಕೊಳ್ಳದಿರಲಿ ಅಂತ ಕಟ್ಟುತ್ತಿದ್ದರು. ಮೇಲೆ ವಾರ್ನಿಷ್. ಹಳದಿ ರೇಷ್ಮೆ ವಾರ್ನಿಷ್ ಕುಡಿದು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ನೀವು ಬಣ್ಣ ಹೋಯಿತು ಅಂತ ಅಳುತ್ತೀರಿ, ಅವರು ಆ ಬಣ್ಣವನ್ನೇ ಬಯಸುತ್ತಿದ್ದರು.

2009ರಲ್ಲಿ ಆ ಸುತ್ತುಗಳು ಬಿಚ್ಚತೊಡಗಿದವು. ನಾನೇ ಕೂತೆ. ಹಳೆಯ ದಾರ ತೆಗೆಯಲು ಬ್ಲೇಡ್ ಹಾಕಿದೆ. ಬ್ಲೇಡನ್ನು ಅಡ್ಡಕ್ಕೆ ಹಿಡಿದು ಮೇಲ್ಮೈ ಹೆರೆಯಬೇಕಿತ್ತು, ನಾನು ನೇರ ಒತ್ತಿದೆ. ಬಿದಿರಿನ ನಾರು ಕಡಿಯಿತು. ಅದೇ ಜಾಗದಲ್ಲಿ ಮುಂದಿನ ವರ್ಷ ರಾಡ್ ಮುರಿಯಿತು. ತಂದೆಯ ರಾಡ್. ಇವತ್ತಿಗೂ ಆ ಎರಡು ತುಂಡು ಗೋಡೆ ಮೇಲಿವೆ.

ಆದ್ದರಿಂದ ಮೊದಲು ರಿಂಗ್ ಕಟ್ಟುವುದು ಕಲಿಯಿರಿ. ರಾಡಿಗೆ ತಾಗಿ ಕೂರುವ ರಿಂಗಿನ ಪಾದದ ತುದಿಯನ್ನು ಅರದಲ್ಲಿ ಚಾಕುವಿನ ಅಂಚಿನ ಹಾಗೆ ತೆಳು ಮಾಡದೆ ದಾರ ಹತ್ತಿಸುವವರೇ ಈಗ ಜಾಸ್ತಿ. ಅಲ್ಲಿ ಸಂದು ಉಳಿಯುತ್ತದೆ, ನೀರು ಕೂರುತ್ತದೆ. ನಮ್ಮ ಊರು ಎಂಥ ಊರು! 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು (ಮಹಶೀರ್) ಹಿಡಿದರು. ಅಂಥ ಮೀನಿಗೆ ತಡೆಯುವ ರಿಂಗ್ ನಿಮ್ಮ ರಾಡಲ್ಲಿ ಇದೆಯಾ, ಅದನ್ನು ಕೇಳಿಕೊಳ್ಳಿ.

ಕಾವೇರಿ ಕಣಿವೆ:
ಹಿರಿಯರು, ಆದರೂ ಹೇಳುತ್ತೇನೆ. ಆ ಲೆಕ್ಕವನ್ನು ಹೆಮ್ಮೆಯಿಂದ ಹೇಳುವ ಕಾಲ ಮುಗಿಯಿತು ಸರ್. ಕಾವೇರಿಯ ದೊಡ್ಡ ಬಿಳಿಮೀನು ಟಾರ್ ರೆಮಾದೇವಿ ಅಂತ ವಿಜ್ಞಾನಿಗಳು ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ, ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಜಾಗತಿಕ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಹಾಕಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಇಲ್ಲ.

ಹಳೇ ಗಾಳ, ಮೈಸೂರು:
ಮೀನು ಕಡಿಮೆ ಆಗಿದ್ದು ಹಿಡಿದು ಬಿಡುವ ನಮ್ಮಿಂದಲಾ? ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆಯಲ್ಲಿ ಗಾಳದ ಶಿಬಿರ ಇದ್ದಾಗ ಹೊಳೆಗೆ ಡೈನಮೈಟ್ ಎಸೆಯುವವರು ಹೆದರುತ್ತಿದ್ದರು. ದಂಡೆಯಲ್ಲಿ ಜನ ಇರುತ್ತಿದ್ದರು, ಕಣ್ಣು ಇರುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ನೀವು ಪಟ್ಟಿ ಓದುತ್ತೀರಿ, ನಾನು ಹೊಳೆ ನೋಡಿದ್ದೇನೆ.

ಕಾವೇರಿ ಕಣಿವೆ:
ನಮ್ಮ ಮನೆಯೇ ಆ ಹೊಳೆ ದಂಡೆಯಲ್ಲಿದೆ. ಗಾಳದವರು ಕಾಯುತ್ತಿದ್ದರು ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಫೋಟೋಗೆ ಅಂತ ಹತ್ತು ನಿಮಿಷ ನೀರಿಂದ ಆಚೆ ಹಿಡಿದ ಮೀನು ಬಿಟ್ಟ ಮೇಲೆ ಬದುಕಿತಾ ಅಂತ ಯಾರೂ ಹಿಂದೆ ಹೋಗಿ ನೋಡಲಿಲ್ಲ. ಅದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಮಲ್ಪೆ ಬಂಡೆ:
ಸಾಗರದವರು ದಾರ ಸುತ್ತುವುದು ಹೇಗೆ ಅಂತ ಕೇಳಿದ್ದು. ಹೊಳೆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಹಳೇ ಗಾಳದವರು ರಿಂಗಿನ ಪಾದದ ಬಗ್ಗೆ ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ಆದರೆ ರೇಷ್ಮೆ ಉಪ್ಪುನೀರಿಗೆ ಆಗುವುದಿಲ್ಲ ಅಂತ ನಾನು ಪಣ ಕಟ್ಟುತ್ತೇನೆ.

ಹಳೇ ಗಾಳ, ಮೈಸೂರು:
ಉಪ್ಪುನೀರಿಗೆ ಹಾಕಿ ಅಂತ ನಾನೆಲ್ಲಿ ಹೇಳಿದೆ?

ಹಿನ್ನೀರಿನವ, ಸಾಗರ:
ಎಲ್ಲರಿಗೂ ಧನ್ಯವಾದ. ಮೂರು ವಾರ ಬರಲು ಆಗಲಿಲ್ಲ. ಕ್ಲಾಸಿಗೆ ಹೋಗಿಲ್ಲ, ಎಪಾಕ್ಸಿನೂ ತಂದಿಲ್ಲ. ಕಸಬರಿಗೆಯ ಮರದ ಕೋಲು ತೆಗೆದುಕೊಂಡು, 25 ರೂಪಾಯಿಯ ಹೊಲಿಗೆ ದಾರದಲ್ಲಿ ಒಂಬತ್ತು ಸಂಜೆ ಸುತ್ತಿದೆ, ಬಿಚ್ಚಿದೆ. ಕಿರುಬೆರಳಿನ ಹಿಡಿತ ಎರಡು ದಿನ ನೋಯಿತು, ಈಗ ಬಂದಿದೆ. ಮುಂದಿನ ಗೆರೆ ನೇರ ಇದೆ. ಬೆನ್ನಿನ ಗೆರೆಯಲ್ಲಿ ದಾಟುವ ಜಾಗ ಎರಡು ಮೂರು ಮಿಲಿಮೀಟರ್ ಬಲಕ್ಕೆ ಸರಿಯುತ್ತಿದೆ. ಎಲ್ಲ ಡೈಮಂಡೂ ಒಂದೇ ಕಡೆಗೆ. ಯಾಕೆ?

ಡಲ್ಲಾಸ್ ಕೆರೆ:
ಎಲ್ಲವೂ ಒಂದೇ ಕಡೆಗೆ ಅಂದರೆ ಕೈ ತಪ್ಪಲ್ಲ, ಗೆರೆ ತಪ್ಪು. ಕೋಲಿನ ಸುತ್ತಳತೆಗೆ ಒಂದು ಕಾಗದದ ಪಟ್ಟಿ ಕತ್ತರಿಸಿ, ಸರಿಯಾಗಿ ಅರ್ಧಕ್ಕೆ ಮಡಚಿ. ಮಡಿಕೆ ಬಂದ ಜಾಗವೇ ಬೆನ್ನು. ಕೆಳಗೊಂದು, ಮೇಲೊಂದು ಗುರುತು ಹಾಕಿ ಸೇರಿಸಿ.

ಚಿಕ್ಕಪೇಟೆ ದಾರ:
ಗೆರೆ ಸರಿ ಮಾಡಿದ ಮೇಲೆ, ಮೊದಲ ಎರಡು ಎಳೆ ದಾಟಿದ ಕೂಡಲೇ ಒಂದೊಂದು ದಾಟನ್ನೂ ಉಗುರಲ್ಲಿ ಒತ್ತಿ ಗೆರೆಗೆ ತನ್ನಿ. ಹತ್ತು ಎಳೆ ಆದ ಮೇಲೆ ಅದು ಜರುಗುವುದಿಲ್ಲ. ನಾಲ್ಕನೇ ಎಳೆಯಲ್ಲಿ ನಿಲ್ಲಿಸಿ, ಬೆನ್ನಿನ ಕಡೆಯ ಫೋಟೋ ಹಾಕಿ. ಅಮ್ಮನಿಗೂ ತೋರಿಸುತ್ತೇನೆ.